ಒಂದು ತೆನೆ, ಎರಡು ಹೊಲ

ಮೊರಬದ ಕಡೆ ಹಿಂಗಾರಿ ಜೋಳವನ್ನು ಕುಡುಗೋಲಿನಿಂದ ಕೊಯ್ಯುವುದಿಲ್ಲ, ಬೇರು ಸಮೇತ ಕೀಳುತ್ತಾರೆ. ಬಗ್ಗಿ, ದಂಟಿನ ಬುಡಕ್ಕೆ ಎರಡೂ ಕೈ ಹಾಕಿ, ಸೊಂಟದ ಬಲ ಕೊಟ್ಟು ಜಗ್ಗಬೇಕು. ಬೆಳಿಗ್ಗೆಯಿಂದ ಸಂಜೆಯವರೆಗೆ ಹೀಗೆ ಸಾವಿರಾರು ದಂಟು. ಬದುವಿನ ಮೇಲೆ ಕೂತು ನೋಡುವವರಿಗೆ ಇದರಲ್ಲಿ ಕಲಿಯುವಂಥದ್ದು ಏನಿದೆ ಎನಿಸುತ್ತದೆ. ಕೂತು ನೋಡುವವರಿಗೆ ಯಾವಾಗಲೂ ಹಾಗೆಯೇ ಅನಿಸುವುದು, ಬಿಡಿ.

ಮರೆವ್ವ ಹನ್ನೆರಡನೇ ವಯಸ್ಸಿನಿಂದ ಜೋಳ ಕಿತ್ತವಳು. ಹುಟ್ಟಿದ್ದು ಶಲವಡಿಯಲ್ಲಿ, ಮದುವೆಯಾಗಿ ಬಂದದ್ದು ಮೊರಬಕ್ಕೆ. ಗಂಡ ಗುಡದಪ್ಪ ಕಾಲುವೆಯ ಹೂಳು ತೆಗೆಯುವ ಗ್ಯಾಂಗಿನಲ್ಲಿ ಕೂಲಿ. 1983ರಲ್ಲಿ ಅವಳಿಗೆ ನಲವತ್ತೆರಡೋ ನಲವತ್ತಮೂರೋ. ಬರೆದಿಟ್ಟವರು ಯಾರೂ ಇಲ್ಲ. ದಡ್ಡುಗಟ್ಟಿದ ಅವಳ ಅಂಗೈ ಮೇಲೆ ಹಂಚಿನಿಂದ ನೇರವಾಗಿ ರೊಟ್ಟಿ ತೆಗೆದಿಟ್ಟರೂ ಕೈ ಹಿಂದೆ ಸರಿಯುತ್ತಿರಲಿಲ್ಲ. ಆದರೆ ಅದೇ ಅಂಗೈಗೆ ಇನ್ನೊಂದು ವಿಷಯ ಚೆನ್ನಾಗಿ ಗೊತ್ತಾಗುತ್ತಿತ್ತು. ದಂಟು ಜಗ್ಗುವಾಗಲೇ, ಮಣ್ಣಿನೊಳಗೆ ಬೇರು ನೆಟ್ಟಗೆ ಕೆಳಗಿಳಿದಿದೆಯೋ, ಮೇಲುಮೇಲೆಯೇ ಹರಡಿದೆಯೋ ಎಂದು ಅವಳು ಹೇಳಬಲ್ಲವಳಾಗಿದ್ದಳು.

ಇದರ ಜೊತೆಗೆ ಅವಳಿಗೆ ಒಂದು ವಿಚಿತ್ರ ಅಭ್ಯಾಸ. ಹೊಟ್ಟೆ ತುಂಬ ಉಂಡ ದಿನವೂ ಕಾಲು ರೊಟ್ಟಿ ಮುರಿದು ಸೀರೆಯ ಉಡಿಯಲ್ಲಿ ಕಟ್ಟಿಕೊಳ್ಳುತ್ತಿದ್ದಳು. ಅವಳು ತಾಯಿಯ ಹೊಟ್ಟೆಯಲ್ಲಿದ್ದ ವರ್ಷ ಶಲವಡಿಯಲ್ಲಿ ಕಾಳಿಲ್ಲದೆ ಸೊಪ್ಪು ಬೇಯಿಸಿ ತಿಂದು ದಿನ ನೂಕಿದ್ದರಂತೆ. ಅವಳು ಹುಟ್ಟಿದ ಮೇಲೆ ಅಂಥ ವರ್ಷ ಬರಲಿಲ್ಲ. ಆದರೂ ಉಡಿಯಲ್ಲಿ ಕಾಲು ರೊಟ್ಟಿ ಇಲ್ಲದಿದ್ದರೆ ಅವಳಿಗೆ ಕೈಕಾಲು ಆಡುತ್ತಿರಲಿಲ್ಲ. ಜೊತೆಗೆ ಕೀಳಲು ಬರುವ ಮಲಿಕಾಬಿ ಇದಕ್ಕೆ ನಗುವಳು: "ಯಾರ ಕಸಗೊಂಡ ಹೊಕ್ಕಾರ ಬೇ ನಿನ್ನ ರೊಟ್ಟಿ?" ಮರೆವ್ವ ಉಡಿಯ ಗಂಟನ್ನು ಇನ್ನಷ್ಟು ಬಿಗಿ ಮಾಡಿಕೊಳ್ಳುವಳು.

ಅವಳು ವರ್ಷದ ಹೆಚ್ಚಿನ ದಿನ ದುಡಿಯುತ್ತಿದ್ದದ್ದು ಶಂಭುಲಿಂಗಪ್ಪನ ಹೊಲದಲ್ಲಿ. ಹದಿನಾಲ್ಕು ಎಕರೆಯ ಒಕ್ಕಲುತನ, ಒಳ್ಳೆಯ ಮನೆತನ, ನೆತ್ತಿಯ ಮೇಲೆ ಬಿಳಿ ಟೋಪಿ, ಮೂರು ಬೆರಳಿನ ವಿಭೂತಿ. ಮನುಷ್ಯ ಕೆಟ್ಟವನಲ್ಲ. ಆದರೆ ಅವನ ಬಾಯಲ್ಲಿ ಒಂದು ಮಾತು ಸದಾ ಸಿದ್ಧವಾಗಿರುತ್ತಿತ್ತು: ಬೀಜದ ಗುಣ. ಎತ್ತು ಒದ್ದರೆ ಬೀಜದ ಗುಣ. ಮಗ ಎರಡು ಸಲ ಎಸ್ಸೆಸ್ಸೆಲ್ಸಿ ನಪಾಸಾದರೆ ಬೀಜದ ಗುಣ, ಅದೂ ಹೆಂಡತಿ ನೀಲಕ್ಕನ ತವರಿನ ಬೀಜದ್ದು. ತನ್ನ ಮನೆತನದವರು ಎತ್ತರ, ಕೇರಿಯವರು ಗಿಡ್ಡ. ತಾವು ಲೆಕ್ಕಕ್ಕೆ ಹುಟ್ಟಿದವರು, ಅವರು ಹೊರುವುದಕ್ಕೆ ಹುಟ್ಟಿದವರು. ಇದೆಲ್ಲವನ್ನೂ ಒಂದೇ ಮಾತಿನಲ್ಲಿ ಮುಗಿಸಿ ಎಲೆಅಡಿಕೆ ಹಾಕಿಕೊಳ್ಳುವನು.

ಅವನ ಹೊಲದಲ್ಲಿ ಮರೆವ್ವನಿಗೆ ಒಂದು ಮರ್ಯಾದೆ ಇತ್ತು. ಜೋಳ ಕೀಳುವ ಹಿಂದಿನ ದಿನ ಬೀಜದ ತೆನೆ ಆರಿಸುವವಳು ಅವಳೇ. ಅವಳ ಅತ್ತೆ, ಅತ್ತೆಯ ಅತ್ತೆ ಅದನ್ನೇ ಮಾಡಿದ್ದರು. ಆ ದಿನ ಅವಳು ಸ್ನಾನ ಮಾಡಿ, ಬುಟ್ಟಿ ಹಿಡಿದು, ಎಲ್ಲರಿಗಿಂತ ಮೊದಲು ಒಬ್ಬಳೇ ಹೊಲ ಹೊಗುವಳು. ತೆನೆಯ ಕತ್ತು, ತುದಿಯ ಕಾಳು ನೋಡಿ ಮುರಿದುಕೊಳ್ಳುವಳು. ಧಣಿಯೇ ಆಗಲಿ, ಬದುವಿನಲ್ಲಿ ನಿಂತು ಕಾಯಬೇಕು. ಇದಕ್ಕೆ ಅವಳಿಗೆ ಒಂದು ಬುಟ್ಟಿ ತೆನೆ, ನೀಲಕ್ಕನ ಕೈಯಿಂದ ರವಿಕೆಗೆಂದು ಒಂದು ಕುಬಸದ ಖಣ. ಅವಳು ಆರಿಸಿದ ಬೀಜ ಬೂದಿ ಬೆರೆಸಿಕೊಂಡು ಆ ಮನೆಯ ನಡುಮನೆಯ ಗಡಿಗೆಯಲ್ಲಿ ಕೂರುತ್ತಿತ್ತು. ಆರಿಸಿದವಳು ಮಾತ್ರ ಕಟ್ಟೆಯ ಕೆಳಗೆ ನಿಲ್ಲಬೇಕಿತ್ತು, ನೀರನ್ನು ಮೇಲಿನಿಂದ ಬೊಗಸೆಗೆ ಹೊಯ್ಯುತ್ತಿದ್ದರು. ಆ ಊರಿಗೆ ಇದು ವಿಚಿತ್ರ ಎನಿಸುತ್ತಿರಲಿಲ್ಲ.

ಶಂಭುಲಿಂಗಪ್ಪನ ಜಮೀನು ಎರಡು ತುಂಡು. ಕಾಲುವೆಯ ಕೆಳಗೆ ಆರು ಎಕರೆ, ಕಾಲುವೆಯ ಮೇಲೆ ದಿನ್ನೆಯಲ್ಲಿ ಎಂಟು ಎಕರೆ. ಕಾಲುವೆಗೆ ನೀರು ಬಂದು ಆರು ವರ್ಷವಾಗಿತ್ತು. ಕೆಳಗಿನ ಹೊಲದ ಜೋಳ ಎರಡು ಸಲ ನೀರು ಕುಡಿದು ಆನೆಯಂತೆ ಬೆಳೆಯುತ್ತಿತ್ತು, ತೆನೆ ಒಂದೊಂದೂ ಎರಡು ಮುಷ್ಟಿ. ದಿನ್ನೆಯ ಜೋಳ ಮಳೆಯ ಪಸೆಯಲ್ಲೇ ಬದುಕಬೇಕು, ತೆನೆಯೂ ಸಣ್ಣದು. ಮೊದಲು ಆಯಾ ಹೊಲದ ಬೀಜ ಆಯಾ ಹೊಲಕ್ಕೆ ಎಂದಿತ್ತು. ಮೂರು ವರ್ಷದ ಹಿಂದೆ ಶಂಭುಲಿಂಗಪ್ಪ, "ದಪ್ಪ ತೆನಿ ಕಣ್ಣ ಮುಂದ ಇರೂವಾಗ ಬಡಕ ತೆನಿ ಯಾಕ? ಎರಡೂ ಹೊಲಕ್ಕ ಕಾಲಿವಿ ತೆನಿನ ಆರಸು" ಅಂದ. ಮರೆವ್ವನಿಗೂ ಆಸೆಯಾಯಿತು. ಅಷ್ಟು ತೂಕದ ತೆನೆ ಬುಟ್ಟಿಗೆ ಬೀಳುವಾಗ ಯಾರ ಕೈ ಬೇಡ ಎನ್ನುತ್ತದೆ? ಆರಿಸಿದಳು. ತಪ್ಪು ಇಬ್ಬರದೂ ಎಂದೇ ಹೇಳಬೇಕು.

ಎರಡು ವರ್ಷ ಹಿಂಗಾರು ಕೊನೆಯವರೆಗೂ ಸುರಿದದ್ದರಿಂದ ಏನೂ ತಿಳಿಯಲಿಲ್ಲ. ಮೂರನೆಯ ವರ್ಷ, 1983ರಲ್ಲಿ, ಮಳೆ ಬಿತ್ತಿಗೆಗೆ ಸಾಕಷ್ಟು ಬಂದು ನಿಂತಿತು. ದಿನ್ನೆಯ ಹೊಲ ಮೊಣಕಾಲೆತ್ತರದವರೆಗೆ ಚೆನ್ನಾಗಿಯೇ ಬಂದಿತ್ತು. ನೆಲ ಬಿರಿಯತೊಡಗಿದಾಗ ಎಲೆ ಸುರುಳಿ ಸುತ್ತಿತು, ತೆನೆ ಅರ್ಧ ಜೊಳ್ಳಾಯಿತು. ಬದುವಿನ ಆಚೆ ಈರಪ್ಪನ ಹೊಲ. ಅವನಿಗೆ ಕಾಲುವೆ ಜಮೀನಿಲ್ಲ, ದಿನ್ನೆಯ ಬೀಜವನ್ನೇ ದಿನ್ನೆಗೆ ಬಿತ್ತುವವನು. ಅವನ ಜೋಳ ಹಸಿರಾಗಿ ನಿಂತಿತ್ತು.

ಕೀಳುವ ದಿನ ಶಂಭುಲಿಂಗಪ್ಪ ಎಲ್ಲ ಆಳುಗಳ ಎದುರಿಗೇ ಕೇಳಿದ: "ಮಳಿ ಒಂದ, ನೆಲಾ ಒಂದ. ಈರಪ್ಪನ ಜ್ವಾಳ ನಿಂತೈತಿ, ನನ್ನದ ಮಲಗೇತಿ. ಬೀಜ ಆರಿಸಿದ ಕೈ ಯಾವುದು?"

"ನನ್ನದ್ರಿ, ಧಣ್ಯಾರ."

"ಮತ್ತ? ನಿನ್ನ ಕೈ ಕೆಟ್ಟೈತಿ. ಇನ್ನ ಮುಂದ ನಮ್ಮ ಗುರವ್ವ ಆರಸ್ತಾಳ."

ಗುರವ್ವ ಅವನ ಅತ್ತಿಗೆ. ಜೀವಮಾನದಲ್ಲಿ ಒಂದು ದಂಟು ಜಗ್ಗಿದವಳಲ್ಲ. ಮರೆವ್ವನಿಗೆ ಅವಮಾನವಾಯಿತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಕೈ ಕೆಟ್ಟವಳೆಂದು ಒಂದು ಸಲ ಹೆಸರು ಬಿದ್ದರೆ ಊರಿನಲ್ಲಿ ಬೇರೆ ಯಾರೂ ಅವಳನ್ನು ಬೀಜದ ಹೊಲಕ್ಕೆ ಬಿಡುವುದಿಲ್ಲ. ಮೂರು ತಲೆಮಾರಿನ ಕೆಲಸ ತನ್ನ ಕೈಯಲ್ಲಿ ಮುಗಿಯುತ್ತದೆ. ಅವಳು ಬಗ್ಗಿ ದಂಟು ಜಗ್ಗಿದಳು.

ಜಗ್ಗಿದ ಕೂಡಲೇ ಅಂಗೈ ಬೆಚ್ಚಿತು. ದಂಟು ಸಲೀಸಾಗಿ ಬಂದುಬಿಟ್ಟಿತ್ತು. ಇನ್ನೊಂದು ಜಗ್ಗಿದಳು, ಮತ್ತೊಂದು. ಮೇಲೆಯೇ ನೀರು ಸಿಗುವ ಹೊಲದಲ್ಲಿ ಆಗುವಂತೆ ಬೇರು ಮೇಲ್ಮಣ್ಣಿನಲ್ಲೇ ಅಗಲಕ್ಕೆ ಹರಡಿತ್ತು, ಕೆಳಗಿಳಿದದ್ದು ಬಹಳ ಕಡಿಮೆ.

"ಏನ ಬೇ, ಬೇರ ಮೂಸಾಕತ್ತಿ?" ಅಂದಳು ಮಲಿಕಾಬಿ.

"ಇಲ್ಲಿ ನೋಡು. ಇದು ಕಾಲಿವಿ ಹೊಲದ ಬೇರ."

"ದಿನ್ನಿ ಮ್ಯಾಲ ಕಾಲಿವಿ ಎಲ್ಲಿಂದ ಬಂತು?"

"ಅದನ್ನ ನಾ ಕೇಳೂದು."

ನಿಜಕ್ಕೂ ಅದೇ ಅವಳ ಪ್ರಶ್ನೆಯಾಯಿತು. ತವರಿನಲ್ಲಿ ಬಾಗಿಲ ಮುಂದೆಯೇ ಬಾವಿ ಇದ್ದ ಹುಡುಗಿ ಗಂಡನ ಮನೆಗೆ ಬಂದ ಹೊಸದರಲ್ಲಿ ಕೊಡ ಹಿಡಿದು ಬಾಗಿಲ ಮುಂದೆ ಬಂದು ನಿಲ್ಲುತ್ತಾಳೆ, ಅದು ಸರಿ. ಆ ಹುಡುಗಿ ಆ ಬಾವಿಯ ನೀರನ್ನು ತಾನೇ ಸೇದಿದ್ದಳು. ಆದರೆ ಈ ಗಿಡ ಕಾಲುವೆಯ ನೀರನ್ನು ಕಂಡೇ ಇಲ್ಲ. ಕುಡಿದದ್ದು ಇದರ ತಾಯಿ. ತಾಯಿ ಕುಡಿದ ನೀರು ಮಗಳ ಬೇರಿಗೆ ಹೇಗೆ ಗೊತ್ತಾಯಿತು? ಸಂಜೆ ಮನೆಗೆ ಹೋಗುವಾಗ ಉಡಿಯ ಕಾಲು ರೊಟ್ಟಿಯನ್ನು ಮುಟ್ಟಿ ನೋಡಿಕೊಂಡಳು. ಆ ಹಸಿವನ್ನು ಕಂಡವಳೂ ಅವಳಲ್ಲ, ಅವಳ ತಾಯಿ.

ಉಡಚಪ್ಪ ಆ ಕಡೆಯ ಗ್ರಾಮಸೇವಕ. ಸೈಕಲ್ಲಿಗೆ ಚೀಲ ನೇತುಹಾಕಿಕೊಂಡು ಊರೂರು ತಿರುಗಿ ಬೀಜ ಗೊಬ್ಬರದ ಮಾತು ಹೇಳುವ ಇಪ್ಪತ್ತೇಳರ ತರುಣ. ಬೇವಿನ ಗಿಡದ ಕೆಳಗೆ ಸೈಕಲ್ ನಿಲ್ಲಿಸಿದ್ದವನ ಮುಂದೆ ಮರೆವ್ವ ಎರಡು ಹಿಡಿ ಬೇರು ತಂದು ಹಾಕಿದಳು. ಒಂದು ಧಣಿಯ ದಿನ್ನೆಯದು, ಒಂದು ಈರಪ್ಪನ ದಿನ್ನೆಯದು.

"ಸಾಹೇಬ್ರ, ತನ್ನ ತಾಯಿ ಏನ್ ಕುಡದಿತ್ತು ಅನ್ನೂದು ಬೀಜಕ್ಕ ಗೊತ್ತಿರ್ತೈತೇನ್ರಿ?"

ಯೂರಿಯಾ ಬಗ್ಗೆ, ಸಬ್ಸಿಡಿ ಬಗ್ಗೆ, ಮಗನ ನೌಕರಿಯ ಬಗ್ಗೆ ಅವನನ್ನು ಎಷ್ಟೋ ಜನ ಕೇಳಿದ್ದರು. ಇದನ್ನು ಯಾರೂ ಕೇಳಿರಲಿಲ್ಲ. ನಕ್ಕ. "ಇಲ್ಲ ಯಕ್ಕಾ. ಬೀಜದಾಗ ತಳಿ ಗುಣ ಇರ್ತಾವು. ತಾಯಿ ನೀರ ಕುಡದ್ಲೋ, ಒಣಗಿದ್ಲೋ, ಅದು ಬೀಜಕ್ಕ ಹತ್ತೂದಿಲ್ಲ. ನಮಗ ಹಂಗ ಕಲಿಸ್ಯಾರ."

"ಮತ್ತ ಒಣ ನೆಲದ ಗಿಡಕ್ಕ ಉದ್ದ ಬೇರ ಹೆಂಗ ಬಂತ್ರಿ?"

"ಒಣ ನೆಲದಾಗ ಗಿಡ್ಡ ಬೇರಿಂದು ಸಾಯ್ತೈತಿ, ಉದ್ದ ಬೇರಿಂದು ಉಳೀತೈತಿ. ಉಳದದ್ದರ ಮಕ್ಕಳದೂ ಉದ್ದ ಬೇರ. ಸಾವಿರಾರು ವರ್ಷ ಹಂಗ ಆಗಿ ಆಗಿ ಒಂದು ಜಾತಿ ಗಿಡ ಇನ್ನೊಂದ ಜಾತಿ ಆಗೂದು."

ಮರೆವ್ವ ಯೋಚಿಸಿದಳು. "ಸಾವಿರ ವರ್ಷ ಎಲ್ಲೈತ್ರಿ? ಕಾಲಿವಿ ಬಂದು ಆರ ವರ್ಷ. ಮತ್ತ ಸತ್ತಿದ್ದು ಯಾವುದು? ಕಾಲಿವಿ ಹೊಲದಾಗ ಗಿಡ್ಡ ಬೇರಿಂದೂ ಬದಕ್ತೈತಿ, ಉದ್ದ ಬೇರಿಂದೂ ಬದಕ್ತೈತಿ. ಯಾರೂ ಸಾಯದ ಎಲ್ಲಾರೂ ಹೆಂಗ ಬದಲಾದ್ರು?"

ಉಡಚಪ್ಪನ ನಗು ನಿಂತಿತು. ಬೇರುಗಳನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದ. ಎರಡು ತಳಿ ಕಲೆತಿರಬಹುದು ಎಂದ. ಕೊನೆಗೆ, ಒಂದೇ ತೆನೆಯ ಕಾಳನ್ನು ಎರಡೂ ಹೊಲದಲ್ಲಿ ಬೆಳೆದು ನೋಡಿದರೆ ಮಾತ್ರ ಹೇಳಬಹುದು ಎಂದು ಹೇಳಿ ಸೈಕಲ್ ಹತ್ತಿದ. ಬಾಯಿಗೆ ಬಂದದ್ದು ಅಂದು ಹೋದ ಅಷ್ಟೆ. ಅವಳು ಅದನ್ನೇ ಹಿಡಿದುಕೊಂಡಳು.

ಮರುದಿನ ಕಟ್ಟೆಯ ಕೆಳಗೆ ನಿಂತು ನೀಲಕ್ಕನಿಗೆ ಎಲ್ಲ ಹೇಳಿದಳು. ನೀಲಕ್ಕ ಜೋಳ ಹಸನು ಮಾಡುವುದನ್ನು ನಿಲ್ಲಿಸಿ ಕೇಳಿದಳು. ಮಗ ನಪಾಸಾದದ್ದಕ್ಕೆ ತನ್ನ ತವರಿನ ಬೀಜವನ್ನು ಬೈಸಿಕೊಂಡು ಅವಳಿಗೆ ಸಾಕಾಗಿತ್ತು. ಬೀಜವೊಂದರಿಂದಲೇ ಎಲ್ಲ ಆಗುವುದೋ ಇಲ್ಲವೋ ಎಂದು ನೋಡುವ ಆಸೆ ಅವಳಿಗೂ ಇತ್ತು. ಗಂಡನ ಹತ್ತಿರ ಮಾತಾಡಿದಳು. ಶಂಭುಲಿಂಗಪ್ಪ ಮೀಸೆಯಲ್ಲೇ ನಕ್ಕು, ಎರಡೂ ಹೊಲದ ಮೂಲೆಯಲ್ಲಿ ಹತ್ತು ಸಾಲಿನ ಜಾಗ ಕೊಟ್ಟ. "ಎರಡ ವರ್ಷ ಏನ್ ಬೇಕಾದ್ದ ಮಾಡ್ಲಿ. ತನ್ನ ಮಾತು ಖರೇ ಮಾಡಿ ತೋರಿಸಿದ್ರ ಬೀಜದ ಬುಟ್ಟಿ ಅಕಿದ. ಇಲ್ಲಾಂದ್ರ ಮತ್ತ ಬೀಜದ ಮಾತ ಎತ್ತಬಾರದು."

1984ರ ಬಿತ್ತಿಗೆಗೆ ಮರೆವ್ವ ಈರಪ್ಪನಿಂದ ಒಂದು ತೆನೆ ಬೇಡಿ ತಂದಳು. ಒಂದೇ ಒಂದು. ಅದರ ಕಾಳನ್ನು ಎರಡು ಪಾಲು ಮಾಡಿದಳು. ಒಂದು ಪಾಲಿನಿಂದ ನೂರು ಕಾಳು ಕಾಲುವೆ ಹೊಲಕ್ಕೆ, ಇನ್ನೊಂದರಿಂದ ನೂರು ದಿನ್ನೆಗೆ. ಓದು ಬಾರದವಳು, ಇಪ್ಪತ್ತರಂತೆ ಐದು ಸಲ ಎಣಿಸಿ ಒಂದೊಂದಾಗಿ ಊರಿದಳು. ಕೆಳಗೆ ತೊಂಬತ್ತೇಳು ಎದ್ದವು, ಮೇಲೆ ತೊಂಬತ್ತಾರು. ದಿನ್ನೆಯಲ್ಲಿ ಹೂವಾಡುವ ಹೊತ್ತಿಗೆ ನೆಲ ಬಿರಿಯಿತು, ಎಲೆ ಬಾಡಿತು, ಆದರೆ ಎದ್ದದ್ದು ಒಂದೂ ಸಾಯಲಿಲ್ಲ. ಅವಳು ದಿನಾ ಹೋಗಿ ಎಣಿಸಿದಳು. ಸತ್ತು ಉಳಿಯುವ ಮಾತನ್ನು ಉಡಚಪ್ಪ ಮತ್ತೆ ಎತ್ತಿದರೆ ಬಾಯಿ ಮುಚ್ಚಿಸಬೇಕಿತ್ತಲ್ಲ.

ಅವಳಿಗೆ ನಿಜವಾಗಿ ಕಷ್ಟವಾದದ್ದು ತೆನೆ ತೆಗೆಯುವಾಗ. ಮೂವತ್ತು ವರ್ಷ ಆರಿಸಿದ ಕೈ, ಚಲೋ ತೆನೆ ಕಂಡರೆ ತಾನಾಗಿಯೇ ಅತ್ತ ಹೋಗುತ್ತಿತ್ತು. ಈಗ ಆರಿಸಬಾರದು. ದೊಡ್ಡದು, ಸಣ್ಣದು, ಹಕ್ಕಿ ತಿಂದದ್ದು, ಜೊಳ್ಳಾದದ್ದು, ಎಲ್ಲದರಿಂದಲೂ ಹತ್ತತ್ತು ಕಾಳು ತೆಗೆಯಬೇಕು. ಕಾಲುವೆಯದ್ದು ಒಂದು ಗಂಟಿನಲ್ಲಿ, ದಿನ್ನೆಯದ್ದು ಒಂದು ಗಂಟಿನಲ್ಲಿ. ಕೆಳಗಿನ ಕಾಳು ಮುತ್ತಿನಂತೆ, ಮೇಲಿನದು ಸಣಕಲು.

ಮುಂದಿನ ಬಿತ್ತಿಗೆಯ ಹೊತ್ತಿಗೆ ಉಡಚಪ್ಪನಿಗೆ ಮರೆವ್ವನಿಗಿಂತ ಹೆಚ್ಚು ಹುಚ್ಚು ಹತ್ತಿತ್ತು. ಈಗ ಎರಡೂ ಗಂಟಿನ ಕಾಳನ್ನು ದಿನ್ನೆಯಲ್ಲೇ, ಅಕ್ಕಪಕ್ಕ ಬಿತ್ತಬೇಕು. ಆದರೆ ಅವನು ಹೊಸ ತಕರಾರು ತೆಗೆದ. "ಯಕ್ಕಾ, ನೀನ ಬಿತ್ತಿದ್ರ ಯಾವ ಸಾಲು ಯಾವುದು ಅನ್ನೂದು ನಿನಗ ಗೊತ್ತಿರ್ತೈತಿ. ಆಮ್ಯಾಲ ಕೈ ಹೇಳೂದಿಲ್ಲ, ಮನಸ್ಸ ಹೇಳ್ತೈತಿ."

"ಹಂಗಾರ ಅವ್ವಾರು ಬಿತ್ತಲಿ. ನಾ ಆ ಕಡೆ ಹಾಯೂದಿಲ್ಲ," ಅಂದಳು ಮರೆವ್ವ.

ನೀಲಕ್ಕ ಸೆರಗು ಸಿಕ್ಕಿಸಿ ದಿನ್ನೆಗೆ ಹೋಗಿ ಹತ್ತು ಸಾಲು ಬಿತ್ತಿದಳು. ದಿನ್ನೆಯ ಗಂಟಿನ ಕಾಳು ಬಿತ್ತಿದ ಸಾಲಿನ ತಲೆಗೆ ಒಡೆದ ಹಸಿರು ಬಳೆಯ ಚೂರು ಹೂತಳು. ಬಿತ್ತುವ ಮುಂಚೆ ಉಡಚಪ್ಪ ಕಾಲುವೆಯ ದಪ್ಪ ಕಾಳನ್ನು ಕೈಯಲ್ಲಿ ಹಿಡಿದು, "ಇಷ್ಟ ದಪ್ಪ ಕಾಳು, ಖರೇ ಅಂದ್ರ ಇದು ಇನ್ನೂ ಚಲೋ ಬೇರ ಬಿಡಬೇಕು" ಎಂದು ತನ್ನಷ್ಟಕ್ಕೆ ಅಂದುಕೊಂಡ. ಬಿಸಿಲಿಗೆ ಬಾಯಾರಿ ಅರ್ಧದಲ್ಲಿ ಈರಪ್ಪನ ಹೊಲಕ್ಕೆ ನೀರು ಕುಡಿಯಲೂ ಹೋಗಿ ಬಂದ.

ಆ ಚಳಿಗಾಲ ಮರೆವ್ವನ ಮಗಳು ಸಣ್ಣವ್ವ ಚೊಚ್ಚಲ ಬಸುರಿಯಾಗಿ ತವರಿಗೆ ಬಂದಳು. ಹುಡುಗಿ ಸೊರಗಿದ್ದಳು. ಬಂದ ವಾರಕ್ಕೆ, ಸುಮ್ಮನೆ ಕೂರುವುದೇಕೆ, ಜೋಳ ಕೀಳುವಾಗ ನಾನೂ ಬರುತ್ತೇನೆ ಅಂದಳು. ಕೇರಿಯಲ್ಲಿ ಹೆರುವ ಹಿಂದಿನ ದಿನದವರೆಗೂ ಕೀಳುವುದು ಹೊಸದಲ್ಲ, ಮರೆವ್ವನೂ ಕಿತ್ತಿದ್ದಳು. ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಬುಟ್ಟಿ ಮರಳಿ ಬಂದರೆ ಒಂದು ಬುಟ್ಟಿ ತೆನೆ ಮನೆಗೆ ಬರುತ್ತದೆ, ಮಗಳನ್ನು ಹೊಲಕ್ಕೆ ಕಳಿಸದೆ ಉಣ್ಣಿಸಬಹುದು. ಬಾರದಿದ್ದರೆ ಇಬ್ಬರೂ ಹೋಗಬೇಕು.

1986ರ ಫೆಬ್ರುವರಿಯಲ್ಲಿ, ಜೋಳ ಬಲಿತ ಮೇಲೆ, ದಿನ್ನೆಯ ಮೂಲೆಯಲ್ಲಿ ಸಣ್ಣ ಸಂತೆಯೇ ಸೇರಿತು. ಶಂಭುಲಿಂಗಪ್ಪ ಬದುವಿನ ಮೇಲೆ ಕಂಬಳಿ ಹಾಸಿ ಕೂತ. ನೀಲಕ್ಕ, ಉಡಚಪ್ಪ, ಮಲಿಕಾಬಿ, ಉಳಿದ ಆಳುಗಳು. ಸಣ್ಣವ್ವ ಬೇಡವೆಂದರೂ ಬಂದು ಬನ್ನಿಗಿಡದ ನೆರಳಿನಲ್ಲಿ ಕೂತಿದ್ದಳು. ಮಲಿಕಾಬಿ ತನ್ನ ದುಪ್ಪಟ್ಟಿಯಿಂದ ಮರೆವ್ವನ ಕಣ್ಣು ಕಟ್ಟಿದಳು. "ಕಾಣಸ್ತೈತೇನ ಬೇ?"

"ಕಾಣಾಕ ಏನೈತಿ? ಜಗ್ಗಾಕ ಬಿಡು."

ಮೊದಲ ಸಾಲಿಗೆ ಬಗ್ಗಿದಳು. ಒಂದು ದಂಟು, ಎರಡು, ಮೂರು. ಬಂದದ್ದನ್ನು ಪಕ್ಕಕ್ಕೆ ಒಗೆದಳು. "ಮ್ಯಾಲಿಂದು, ದಿನ್ನಿದು." ಎರಡನೆಯದು: "ಕೆಳಗಿಂದು, ಕಾಲಿವಿದು." ಮೂರನೆಯದೂ ಕೆಳಗಿನದು. ನಾಲ್ಕು, ಐದು, ಆರು. ಉಡಚಪ್ಪ ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದ. ತನ್ನ ಮುಖದಿಂದ ಯಾರಿಗೂ ಏನೂ ತಿಳಿಯಬಾರದೆಂದು ನೀಲಕ್ಕ ಸೆರಗನ್ನು ಮೂಗಿನವರೆಗೆ ಎಳೆದುಕೊಂಡಿದ್ದಳು.

ಏಳನೆಯ ಸಾಲಿನಲ್ಲಿ "ಮ್ಯಾಲಿಂದು" ಅಂದವಳು ಮುಂದಕ್ಕೆ ಕೀಳುತ್ತ ಹೋಗಿ ನಡುವೆ ನಿಂತುಬಿಟ್ಟಳು. ಒಂದು ದಂಟು ಹಿಡಿದು ಬಿಟ್ಟಳು, ಇನ್ನೊಂದು ಹಿಡಿದಳು, ಜಗ್ಗಿದಳು. ಹಿಂದಕ್ಕೆ ಬಂದು ಒಂದು ಜಗ್ಗಿದಳು.

"ಯಾಕ, ಕೈ ಏನೂ ಹೇಳವಲ್ದೇನು?" ಶಂಭುಲಿಂಗಪ್ಪ ಕಂಬಳಿಯ ಮೇಲೆ ನೆಟ್ಟಗೆ ಕೂತ.

"ಧಣ್ಯಾರ, ಈ ಸಾಲಿನಾಗ ಎರಡ ಅದಾವು. ಇಲ್ಲಿತನಕ ಮ್ಯಾಲಿಂದು. ಇಲ್ಲಿಂದ ಆ ಕಡೆ ಕೆಳಗಿಂದು."

"ಒಂದ ಸಾಲಿಗೆ ಒಂದ ಬೀಜ. ಸಿಕ್ಕೊಂಡಿ ನೋಡು!" ಎಂದು ಅವನು ತೊಡೆ ತಟ್ಟಿದ. ಉಡಚಪ್ಪನ ಪೆನ್ನು ನಿಂತಿತು, ಮುಖ ಇಳಿಯಿತು. ಮರೆವ್ವ ಕಣ್ಣಿನ ಬಟ್ಟೆ ಬಿಚ್ಚದೆ, ಹಿಡಿದ ದಂಟು ಬಿಡದೆ ನಿಂತಿದ್ದಳು.

ನೀಲಕ್ಕ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. "ಯವ್ವಾ! ಅಕಿ ಹೇಳಿದ್ದ ಖರೇ ಐತ್ರಿ. ಆ ಸಾಲಿನ ನಡಕ ದಿನ್ನಿ ಗಂಟು ತೀರಿತ್ತು. ಸಾಹೇಬ್ರು ನೀರ ಕುಡ್ಯಾಕ ಹೋಗಿದ್ರು. ಸಾಲು ಅರ್ಧಾ ಬಿಡಬಾರದು ಅಂತ ಕಾಲಿವಿ ಕಾಳು ಹಾಕಿದ್ನಿ. ನಾ ಯಾರ ಮುಂದನೂ ಹೇಳಿಲ್ಲ, ಮರತ ಬಿಟ್ಟಿದ್ನಿ."

ಉಳಿದ ಮೂರು ಸಾಲನ್ನೂ ಮರೆವ್ವ ಹೇಳಿ ಮುಗಿಸಿದಳು. ನೀಲಕ್ಕ ಒಂದೊಂದು ಸಾಲಿನ ತಲೆ ಕೆದರಿದಳು. ಮರೆವ್ವ ಮೇಲಿನದೆಂದ ಪ್ರತಿ ಸಾಲಿನಲ್ಲೂ ಹಸಿರು ಚೂರು ಬಂತು, ಕೆಳಗಿನದೆಂದ ಕಡೆ ಬರಲಿಲ್ಲ. ಮಲಿಕಾಬಿ ಮರೆವ್ವನ ಕಣ್ಣು ಬಿಚ್ಚಿ, ಅದೇ ದುಪ್ಪಟ್ಟಿಯಿಂದ ತನ್ನ ಕಣ್ಣು ಒರೆಸಿಕೊಂಡು, "ಸುಡ್ಲಿ ನಿನ್ನ ಕೈ" ಎಂದು ಬೈದಳು. ಸಂತೋಷವಾದರೆ ಅವಳು ಬೈಯುವುದೇ.

ಉಡಚಪ್ಪ ಎರಡು ಬೇರು ಪಕ್ಕಪಕ್ಕ ಇಟ್ಟುಕೊಂಡು ಕೂತಿದ್ದ. ಒಂದೇ ತೆನೆಯ ಮೊಮ್ಮಕ್ಕಳು. ನಡುವೆ ಒಂದೂ ಸತ್ತಿಲ್ಲ, ಯಾರೂ ಆರಿಸಿಲ್ಲ. ಆಮೇಲೆ ತನ್ನ ನೋಟುಬುಕ್ಕು ತೆರೆದು ಮರೆವ್ವನಿಗೆ ತೋರಿಸಿದ. "ಯಕ್ಕಾ, ನನಗೂ ಗೊತ್ತಿಲ್ಲ, ಅಂದಾಜ್ ಹೇಳ್ತೇನಿ. ಇದರಾಗಿನ ಅಕ್ಷರ ಅವ ಅದಾವು. ಆದ್ರ ನಾ ಬೇಕಾದ ಹಾಳಿ ಮೂಲಿ ಮಡಚಿ ಇಟ್ಟೇನಿ, ತೆರದ ಕೂಡ್ಲೆ ಅದ ಬರ್ತೈತಿ. ತಾಯಿನೂ ಹಂಗ ಮಡಚಿ ಕೊಡ್ತಾಳೋ ಏನೋ. ಈ ಹಾಳಿ ಮೊದ್ಲ ಓದು, ನೀರ ಕಡಿಮಿ ಐತಿ ಅಂತ."

"ಮಡಚಿದ್ದು ಎಷ್ಟ ದಿನಾ ಇರ್ತೈತ್ರಿ?"

"ಅದ ಗೊತ್ತಿಲ್ಲ. ಒಂದ ತಲಿಮಾರಿಗೆ ಅಳಸ್ತೈತೋ, ಹತ್ತ ತಲಿ ಉಳೀತೈತೋ. ಸಾವಿರ ತಲಿ ಉಳದ್ರ ಬ್ಯಾರೆ ಜಾತಿ ಗಿಡನ ಆಗಬಹುದೇನೋ. ನಮ್ಮ ಪುಸ್ತಕದಾಗಂತೂ ಇಲ್ಲ."

ಮರೆವ್ವ ಕೂಡಲೇ ಒಂದು ದಿನ್ನೆಯ ತೆನೆ ಮುರಿದು ಮಲಿಕಾಬಿಯ ಕೈಗೆ ಕೊಟ್ಟು, ಇದನ್ನು ಬೇರೆ ಇಡು, ಇದು ಕಾಲುವೆಗೆ ಹೋಗುತ್ತದೆ, ಎಷ್ಟು ವರ್ಷಕ್ಕೆ ಅಳಿಸುತ್ತದೆ ನೋಡೋಣ ಅಂದಳು.

ಶಂಭುಲಿಂಗಪ್ಪ ಎದ್ದು ಬಂದ. ಸೋಲನ್ನು ಒಪ್ಪುವುದರಲ್ಲಿ ಅವನು ಹಿಂದೆ ಬೀಳುವವನಲ್ಲ. "ಬುಟ್ಟಿ ನಿಂದ. ಮಾತು ಅಂದ್ರ ಮಾತು," ಅಂದ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. "ಏನ ಆಗ್ಲಿ, ನಿಮ್ಮ ಮಂದಿ ಕೈಗೆ ಅದು ಹುಟ್ಟಾ ಬಂದಿರ್ತೈತಿ ನೋಡು. ನಮ್ಮಂಥವರಿಗೆ ಬರೂದಲ್ಲ. ಬೀಜದ ಗುಣ."

ಮರೆವ್ವ ಈವರೆಗೆ ಆ ಮಾತಿಗೆ ತಲೆಯಾಡಿಸಿ ಸುಮ್ಮನಾಗುತ್ತಿದ್ದಳು. ಇವತ್ತು ಅವಳಿಗೆ ಸಿಟ್ಟು ಬಂತು, ಜೊತೆಗೆ ನಗುವೂ ಬಂತು.

"ಧಣ್ಯಾರ, ಈಗ ಏನ್ ನೋಡಿದ್ರಿ ಮತ್ತ? ಎರಡೂ ಒಂದ ತೆನಿವು. ಹುಟ್ಟಿದಾಗ ನನ್ನ ಕೈನೂ ನಿಮ್ಮ ಕೈ ಹಂಗ ಮೆತ್ತಗ ಇತ್ರಿ. ಯಾವ ಹೊಲಕ್ಕ ಹಾಕಿದ್ರೋ ಆ ಹೊಲದ ಕೈ ಆತು."

ನೀಲಕ್ಕ ಶಂಭುಲಿಂಗಪ್ಪನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಅವನು ಮಾಡಿದ್ದನ್ನು ಊರು ವರ್ಷಗಟ್ಟಲೆ ಹೇಳಿ ನಕ್ಕಿತು. ಟೋಪಿ ತೆಗೆದು ಹೆಂಡತಿಯ ಕೈಗೆ ಕೊಟ್ಟು, ಬಗ್ಗಿ, ಒಂದು ದಂಟಿಗೆ ಎರಡೂ ಕೈ ಹಾಕಿ ಜಗ್ಗಿದ. ಬರಲಿಲ್ಲ. ಮತ್ತೆ ಜಗ್ಗಿದ. ಮೂರನೆಯ ಸಲಕ್ಕೆ ಬೇರು ಕಿತ್ತು ಬಂತು, ಅವನೂ ಎರಡು ಹೆಜ್ಜೆ ಹಿಂದಕ್ಕೆ ಹೋದ. ಅಂಗೈ ಕೆಂಪಾಗಿ ಗೆರೆ ಎದ್ದಿತ್ತು.

"ಇದು ಯಾವುದು?" ಎಂದು ಕೇಳಿದ. ನಿಜವಾಗಿ ತಿಳಿಯದೆ, ತಿಳಿಯುವ ಆಸೆಯಿಂದಲೇ ಕೇಳಿದ.

"ನಾಳಿನೂ ಬರ್ರಿ," ಅಂದಳು ಮರೆವ್ವ. "ಇನ್ನ ಎಂಟ ಎಕರೆ ಐತಿ. ಕೀಳ್ತಾ ಕೀಳ್ತಾ ತಿಳೀತೈತ್ರಿ."

ಅವಳು ಬುಟ್ಟಿ ತೆಗೆದುಕೊಂಡು ಬನ್ನಿಗಿಡದ ಕಡೆ ನಡೆದಳು. ಸಣ್ಣವ್ವ ತಾಯಿ ಬಂದದ್ದನ್ನು ಕಂಡು ಎದ್ದು ಸೀರೆ ಎತ್ತಿ ಕಟ್ಟಿಕೊಂಡಳು. "ಹೋಗೂಣು ನಡಿ ಯವ್ವಾ, ನಾನೂ ಎರಡು ಸಾಲ ಕೀಳ್ತೇನಿ."

"ನೀ ಕೂಡು. ಹೆರೂತನಕ ಹೊಲದ ಕಡೆ ಬರೂದಿಲ್ಲ ನೀ."

"ಯಾಕ? ನೀ ನನ್ನ ಹೊಟ್ಟ್ಯಾಗ ಇಟಗೊಂಡು ಕಿತ್ತಿಲ್ಲೇನು?"

"ಕಿತ್ತೇನಿ. ಅದಕ್ಕ ಹೇಳಾಕತ್ತೇನಿ."

ಮರೆವ್ವ ಮಗಳ ಎದುರಿಗೆ ಕೂತಳು. ಉಡಿ ಬಿಚ್ಚಿ, ಬೆಳಿಗ್ಗೆ ಮುರಿದಿಟ್ಟ ಕಾಲು ರೊಟ್ಟಿ ತೆಗೆದಳು. ಬುದ್ಧಿ ತಿಳಿದಾಗಿನಿಂದ ಒಂದು ದಿನವೂ ಅದನ್ನು ಸಂಜೆಗೆ ಮೊದಲು ಬಿಚ್ಚಿದವಳಲ್ಲ, ಇನ್ನೊಬ್ಬರಿಗೆ ಕೊಟ್ಟವಳೂ ಅಲ್ಲ. ಇವತ್ತು ಅದನ್ನು ಸಣ್ಣವ್ವನ ಕೈಯಲ್ಲಿಟ್ಟಳು.

"ತಿನ್ನು," ಅಂದಳು. "ನೀರ ಐತಿ ಅಂತ ಹೊಟ್ಟ್ಯಾಗಿಂದಕ್ಕ ಗೊತ್ತಾಗ್ಲಿ."